ವಾಲಲು ಮರೆತ ಮೇಜು

ಸಹೃದಯ ವಾಚಕ ಮಹಾಶಯರೇ, ಮಹಾಶಯೆಯರೇ, ತಾವು ಈ ಕ್ಷಣ ಆಸೀನರಾಗಿರುವ ಕುರ್ಚಿಯಾಗಲಿ, ಮಂಚವಾಗಲಿ, ರೈಲಿನ ಕಿಟಕಿ ಪಕ್ಕದ ಹಲಗೆಯಾಗಲಿ ಸುಭದ್ರವಾದ ನೆಲದ ಮೇಲೆ ನೆಲೆಗೊಂಡಿದೆ ಎಂಬ ತಮ್ಮ ನಂಬಿಕೆಗೆ ಭಂಗ ತರುವ ದುರುದ್ದೇಶ ಈ ಕಥನಕ್ಕೆ ಲವಲೇಶವೂ ಇಲ್ಲ. ಆದಾಗ್ಯೂ ಓದುವುದಕ್ಕೆ ಮೊದಲು ಕೈಯಲ್ಲಿರುವ ಚಹಾದ ಲೋಟವನ್ನು ಅಂಚಿನಿಂದ ತುಸು ಒಳಗೆ ಸರಿಸಿಡುವುದು ಕ್ಷೇಮವೆಂದು ವಿನಯಪೂರ್ವಕವಾಗಿ ಸೂಚಿಸಿ, ಮುಂದುವರಿಯಲು ತಮ್ಮ ಅಪ್ಪಣೆ ಬೇಡುತ್ತೇನೆ.

ಆ ಊರಿನಲ್ಲಿ ಎಲ್ಲರೂ ಮಟ್ಟಣ್ಣ ಎಂದು ಕರೆಯುತ್ತಿದ್ದ ಒಬ್ಬ ಮನುಷ್ಯನಿದ್ದ. ಹೆತ್ತವರು ಇಟ್ಟ ಹೆಸರು ಮದುವೆಯ ದಿನ ಒಮ್ಮೆ ಉಪಯೋಗಕ್ಕೆ ಬಂದು ಮತ್ತೆ ಮೂಲೆ ಸೇರಿತ್ತು. ಓರೆಯಾದದ್ದನ್ನು ಮಟ್ಟಕ್ಕೆ ತರುವುದೇ ಅವನ ಕಸುಬು. ಅಂಗಡಿಗಳ ತೂಕದ ಯಂತ್ರ, ಮುದ್ರಣಾಲಯದ ಅಚ್ಚಿನ ಯಂತ್ರ, ಗಿರಣಿಯ ಕಲ್ಲು, ಎಲ್ಲಕ್ಕಿಂತ ಮೇಲಾಗಿ ಬಿಲಿಯರ್ಡ್ಸ್ ಮೇಜು, ಇವುಗಳ ಕಾಲಡಿಗೆ ಮರದ ಬೆಣೆ ಬಡಿದು, ಚೆಂಡು ಇಟ್ಟಲ್ಲೇ ನಿಲ್ಲುವಂತೆ ಮಾಡುವುದರಲ್ಲಿ ಅವನನ್ನು ಮೀರಿಸುವವರು ಸುತ್ತಲ ಏಳೂರಿನಲ್ಲಿ ಇರಲಿಲ್ಲ. ಕೆಲಸ ಕಲಿಸಿದ ಮೇಸ್ತ್ರಿ ಕೈಯಾರೆ ಕೊಟ್ಟಿದ್ದ ಹಿತ್ತಾಳೆಯ ರಸಮಟ್ಟವೊಂದು ಅವನ ಹೆಗಲ ಚೀಲದಲ್ಲಿ ಸದಾ ಇರುತ್ತಿತ್ತು. ಅದರ ಗಾಜಿನ ಕೊಳವೆಯೊಳಗಿನ ಗುಳ್ಳೆ ಎರಡು ಗೆರೆಗಳ ನಡುವೆ ಬಂದು ನಿಂತಾಗ ಅವನ ಮುಖದಲ್ಲಿ ಮೂಡುತ್ತಿದ್ದ ಶಾಂತಿ ತನ್ನನ್ನು ನೋಡಿದಾಗ ಎಂದೂ ಮೂಡಿದ್ದಿಲ್ಲವೆಂದು ಹೆಂಡತಿ ದೂರುತ್ತಿದ್ದಳು.

“ಹೆಣ್ಣು ನೋಡೋಕೆ ಬಂದವರು ಮೊದ್ಲು ನಮ್ಮಪ್ಪನ ಮನೆ ಬಾಗಿಲ ಚೌಕಟ್ಟು ನೋಡಿದ್ರು. ಆಮೇಲೆ ನನ್ನ ಮುಖ,” ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು.

“ಚೌಕಟ್ಟು ಸ್ವಲ್ಪ ಎಡಕ್ಕೆ ಎಳೆದಿತ್ತು,” ಎಂದು ಮಟ್ಟಣ್ಣ ಸೇರಿಸುತ್ತಿದ್ದ. “ಮುಖ ಸರಿಯಾಗಿತ್ತು.”

ಇಂಥ ಮನುಷ್ಯನಿಗೆ ದೇವರು ಇಟ್ಟ ಪರೀಕ್ಷೆಯೆಂದರೆ ಭಾವನ ಮೇಜು. ಭಾವನೆಂದರೆ ಹೆಂಡತಿಯ ಅಣ್ಣ. ಗುಡ್ಡದ ಕಡೆಗೆ ಏರುವ ಬೀದಿಯ ತಲೆಯಲ್ಲಿ ಅವನದೊಂದು ಬಿಲಿಯರ್ಡ್ಸ್ ಹಾಲು. ಉದ್ದನೆಯ ಒಂದೇ ಕೋಣೆ. ನಡುವೆ ಎಂಟು ಕಾಲಿನ, ಕಲ್ಲಿನ ಹಲಗೆಯ, ಆನೆತೂಕದ ಮೇಜು. ಅದರ ನೆತ್ತಿಯ ಮೇಲೆ ಒಂದೇ ಸರಪಳಿಯಲ್ಲಿ ಜೋಲುತ್ತಿದ್ದ ಮೂರು ಬುರುಡೆಗಳ ಕಬ್ಬಿಣದ ದೀಪ. ಗೋಡೆಗೆ ಆನಿಸಿಟ್ಟ ಗಾಜಿನ ಕಪಾಟಿನ ತುಂಬ ಭಾವ ಪ್ರಾಯದಲ್ಲಿ ಪಂದ್ಯಗಳಲ್ಲಿ ಗೆದ್ದ ಬಹುಮಾನದ ಲೋಟಗಳು. ಹೊರಗೆ ಬಾಗಿಲಿನ ಮೇಲೆ, ಹಿಂದಿನ ಮಾಲೀಕ ಅಂದಕ್ಕೆಂದು ಕಟ್ಟಿಸಿದ್ದ ಇಟ್ಟಿಗೆಯ ಕಿರೀಟ.

ಈ ಮೇಜು ವರ್ಷಕ್ಕೊಮ್ಮೆ ವಾಲುತ್ತಿತ್ತು. ಮಟ್ಟಣ್ಣ ಬಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಮಟ್ಟ ಮಾಡಿಹೋಗುತ್ತಿದ್ದ. ಹನ್ನೆರಡು ತಿಂಗಳು ತುಂಬುವುದರೊಳಗೆ ಚೆಂಡುಗಳೆಲ್ಲ ಸಂಜೆ ಹೊತ್ತಿನ ದನಗಳಂತೆ ಬೀದಿಯ ಕಡೆಗೆ ತಾವಾಗಿಯೇ ಹೊರಡುತ್ತಿದ್ದವು. ಮತ್ತೆ ಮಟ್ಟಣ್ಣ, ಬೀದಿ ಕಡೆಯ ಕಾಲುಗಳಿಗೆ ಮತ್ತೊಂದು ಬೆಣೆ, ಮತ್ತೆ ಭಾವನ ಕುಹಕ. ಹಾಲಿನ ಖಾಯಂ ಗಿರಾಕಿಯಾದ ಕಂಪೌಂಡರಿಗೆ ಮಾತ್ರ ಈ ಏರ್ಪಾಡು ಬಹಳ ಹಿತವಾಗಿತ್ತು. ಔಷಧಿ ಅಂಗಡಿಯಲ್ಲಿ ಹನಿ ಎಣಿಸಿ ಪಳಗಿದ ಆ ದಪ್ಪ ಕನ್ನಡಕದ ಮನುಷ್ಯ, ಮೇಜಿನ ವಾಲನ್ನು ತನ್ನ ನಾಡಿಯಷ್ಟೇ ಚೆನ್ನಾಗಿ ಬಲ್ಲವನಾಗಿ, ಪರಊರಿನ ಆಟಗಾರರನ್ನು ನೆಲ ಕಚ್ಚಿಸುತ್ತಿದ್ದ.

“ಏನಯ್ಯ ಮಟ್ಟಣ್ಣ, ನಿನ್ನ ರಸಮಟ್ಟದಲ್ಲಿರೋದು ರಸಾನೋ ಸಾರಾಯಿನೋ?” ಎಂದು ಭಾವ ಕೇಳುತ್ತಿದ್ದ.

“ನನ್ನ ಕೆಲಸ ಸರಿಯಾಗಿದೆ ಭಾವ. ನಿಮ್ಮ ನೆಲವೇ ಸರಿಯಿಲ್ಲ.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.”

ಈ ಗಾದೆಯನ್ನು ಎಷ್ಟು ಸಲ ಕೇಳಿಸಿಕೊಂಡನೋ ಲೆಕ್ಕವಿಲ್ಲ. ಕೊನೆಗೊಮ್ಮೆ, ಪರಊರಿನ ತಂಡ ಆಡುತ್ತಿದ್ದಾಗ ಯಾರೂ ಮುಟ್ಟದ ಕೆಂಪು ಚೆಂಡೊಂದು ಮೆಲ್ಲಗೆ ಎದ್ದು ಹೊರಟಂತೆ ಉರುಳಿ ಮೂಲೆಯ ಕುಳಿಯೊಳಗೆ ಬಿದ್ದು, ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕಾಗ, ಭಾವ ಎಲ್ಲರೆದುರಿಗೆ ಮತ್ತೆ ಅದೇ ಗಾದೆ ಹೇಳಿದ. ಮಟ್ಟಣ್ಣನ ಕಿವಿ ಕೆಂಪಾಯಿತು. ಮನೆಗೆ ಹೋದವನು ಗುಜರಿಯಿಂದ ತಂದಿಟ್ಟಿದ್ದ ಒಡೆದ ಹಡಗಿನ ಹಲಗೆಯೊಂದನ್ನು ಕೊಯ್ದು, ಒಂದರ ಮೇಲೊಂದು ಕಚ್ಚಿ ಕೂರುವಂಥ ಜೋಡಿ ಬೆಣೆಗಳನ್ನು ಕೆತ್ತಿದ. ಮೇಜಿನಡಿಯ ಹಳೆಯ ಬೆಣೆಗಳನ್ನೆಲ್ಲ ತೆಗೆದು ಹೊಸವನ್ನು ಬಡಿದು, ರಸಮಟ್ಟವನ್ನು ಹಸಿರು ಬಟ್ಟೆಯ ಮೇಲಿಟ್ಟು ಸವಾಲು ಹಾಕಿದ.

“ಇನ್ನು ಮೇಲೆ ಈ ಮೇಜು ನನ್ನ ಕೈಯಿಂದ ನಿಲ್ಲುತ್ತೆ. ಹಾಗಲ್ಲ ಅಂತ ಆದ ದಿನ ಈ ರಸಮಟ್ಟ ನಿಮ್ಮ ಗೋಡೆಗೆ, ಮೊಳೆ ನಾನೇ ಹೊಡೀತೀನಿ.”

ಮೇಜು ನಿಂತಿತು. ಒಂದು ವರ್ಷ ಕಳೆಯಿತು, ಚೆಂಡು ಅಲುಗಲಿಲ್ಲ. ಇನ್ನೊಂದು ಕಳೆಯಿತು, ಗುಳ್ಳೆ ಗೆರೆಗಳ ನಡುವೆ ನಿದ್ದೆ ಹೋದಂತಿತ್ತು. ಮಟ್ಟಣ್ಣನ ತಲೆಯ ಮೇಲೆ ಎರಡು ಸಣ್ಣ ಕೊಂಬು ಮೂಡಿದವು. ದೂರದ ಊರುಗಳಿಂದ ಕರೆ ಬರತೊಡಗಿತು. ಭಾವ ತನ್ನ ಸೋಲನ್ನು ವ್ಯಾಪಾರಕ್ಕೆ ತಿರುಗಿಸುವುದರಲ್ಲಿ ನಿಸ್ಸೀಮನಾದ್ದರಿಂದ “ಎಂದೂ ವಾಲದ ಮೇಜು” ಎಂದು ಬೋರ್ಡು ಬರೆಸಿ ಕಿರೀಟದ ಕೆಳಗೆ ತೂಗುಹಾಕಿದ. ಏಳೂರಿನ ಪಂದ್ಯದ ಕೊನೆಯ ಆಟ ಈ ಸಲ ಅಲ್ಲಿಯೇ ಎಂದು ತೀರ್ಮಾನವೂ ಆಯಿತು. ಕಂಪೌಂಡರು ಮಾತ್ರ ಎರಡು ವರ್ಷದಿಂದ ಸತತವಾಗಿ ಸೋಲುತ್ತಾ, ಮಟ್ಟಣ್ಣನನ್ನು ಕಂಡರೆ ಮುಖ ತಿರುಗಿಸುತ್ತಿದ್ದ.

ಪಂದ್ಯಕ್ಕೆ ಮುಂಚಿನ ವಾರ ಊರಿಗೆ ಒಬ್ಬ ಹೆಂಗಸು ಬಂದಳು. ಭೂಮಿ ಹೇಗೆ ಬಾಗುತ್ತದೆ, ಎಲ್ಲಿ ಬಿರಿಯುತ್ತದೆ ಎಂದು ಅಳೆಯುವುದೇ ಅವಳ ವಿದ್ಯೆ. ದೂರದ ದೊಡ್ಡ ಸಂಸ್ಥೆಯೊಂದರಲ್ಲಿ ನೌಕರಿ, ಬೂಟಿನ ತುಂಬ ಕೆಸರು, ಜೇಬಿನ ತುಂಬ ಕಡಲೆಬೀಜ. ಬೀದಿಯ ಜನ ಅವಳಿಗೆ ಭೂಮಿ ಮೇಡಂ ಎಂದು ಹೆಸರಿಟ್ಟರು. ಹಾಲಿನ ಹಿತ್ತಲಲ್ಲಿ ಎರಡು ಕಬ್ಬಿಣದ ಕಂಬ ನೆಟ್ಟು, ಅವುಗಳ ನಡುವೆ ಒಂದು ತಂತಿ ಬಿಗಿದು, ತಂತಿಯ ತುದಿಗೆ ನೆಲ ಜರುಗಿದರೆ ತಿರುಗುವ ಗಡಿಯಾರದಂಥ ಮುಳ್ಳೊಂದನ್ನು ಕೂರಿಸಲು ಭಾವನ ಅನುಮತಿ ಕೇಳಿದಳು. ಆ ತಂತಿಯ ಮೇಲೆ ಬಟ್ಟೆ ಒಣಹಾಕಲು ಅಡ್ಡಿಯಿಲ್ಲವೆಂದರೆ ಆಗಬಹುದೆಂದು ಭಾವ ಒಪ್ಪಿದ. ಅಡ್ಡಿಯಿದೆ ಎಂದು ಮೇಡಂ ಹೇಳಿದ ಮೇಲೂ, ಬೋರ್ಡಿನ ಪಕ್ಕದಲ್ಲಿ “ವಿಜ್ಞಾನಿಗಳೂ ಮೆಚ್ಚಿದ” ಎಂದು ಬರೆಸಬಹುದೆಂಬ ಆಸೆಯಿಂದ ಒಪ್ಪಿದ.

ಕಂಬ ನೆಟ್ಟು ಕೈ ತೊಳೆಯಲು ಒಳಗೆ ಬಂದವಳ ಕಣ್ಣು ಹಾಲಿನ ನೆಲದ ಮೇಲೆ ಬಿತ್ತು. ಅಡ್ಡಡ್ಡಲಾಗಿ, ಮೇಜಿನ ನಟ್ಟನಡುವೆ ಹಾದುಹೋಗುವಂತೆ, ಸಿಮೆಂಟಿನ ತೇಪೆಯ ಮೇಲೆ ತೇಪೆ ಹಾಕಿದ ಬಿರುಕೊಂದಿತ್ತು. ಮೇಜಿನಡಿ ತಲೆ ತೂರಿಸಿ ನೋಡುತ್ತಿದ್ದ ಅವಳನ್ನು ಮಟ್ಟಣ್ಣ ಹೆಮ್ಮೆಯಿಂದ ಮಾತಾಡಿಸಿದ. ಬೆಣೆ ನೋಡಬೇಕೇ? ಹೊಸವೇನು, ಹಳೆಯವೂ ಇವೆ. ಕಸುಬುದಾರ ಬೆಣೆ ಎಸೆಯುವುದಿಲ್ಲ. ಎಲ್ಲವನ್ನೂ ತಂತಿಗೆ ಪೋಣಿಸಿ ಹಾಲಿನ ಹಿತ್ತಲ ಮೆಟ್ಟಿಲಡಿಯ ಗೂಡಿನಲ್ಲಿ ಇಟ್ಟಿದ್ದಾನೆ.

ಇಬ್ಬರೂ ನೆಲದ ಮೇಲೆ ಕುಳಿತರು. ಆಯಾ ವರ್ಷ ಕೈಗೆ ಸಿಕ್ಕ ಮರದಲ್ಲಿ ಕೆತ್ತಿದ್ದರಿಂದ ಒಂದು ಬೆಣೆಯಂತೆ ಇನ್ನೊಂದಿರಲಿಲ್ಲ. ಮಟ್ಟಣ್ಣ ಒಂದೊಂದನ್ನೇ ತೆಗೆದಿಡುತ್ತ, ಮಕ್ಕಳ ಪರಿಚಯ ಮಾಡಿಕೊಡುವವನಂತೆ ಹೇಳುತ್ತ ಹೋದ.

“ಇದು ಮದುವೆಯಾದ ವರ್ಷದ್ದು, ಮಂಚದ ಕಾಲಿನ ತುಂಡು. ಇದು ದೊಡ್ಡ ಮಗಳು ಹುಟ್ಟಿದಾಗ, ಚಮ್ಮಾರನ ಮರದ ಅಚ್ಚು ಒಡೆದಿತ್ತು, ಅದರದ್ದು. ಇದು ಕ್ರಿಕೆಟ್ ಬ್ಯಾಟು. ಇದು ಭಾವನ ಊರುಗೋಲು, ಕೇಳದೆ ತಗೊಂಡಿದ್ದೆ, ದಯವಿಟ್ಟು ಹೇಳಬೇಡಿ.”

“ಪ್ರತಿ ವರ್ಷವೂ ಹೆಚ್ಚೂಕಡಿಮೆ ಇಷ್ಟೇ ದಪ್ಪ,” ಎಂದಳು ಮೇಡಂ, ಬೆಣೆಯನ್ನು ಬೆರಳುಗಳ ನಡುವೆ ಹಿಡಿದು. ಅವಳ ಮುಖ ಸಂತೋಷದಿಂದ ಅರಳಿತ್ತು. “ಎಷ್ಟು ಚೆನ್ನಾಗಿ ಜೋಪಾನ ಮಾಡಿದೀರಿ. ಆಮೇಲೆ? ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು?”

“ಬೇಕಾಗಲಿಲ್ಲ ಮೇಡಂ. ಅದೇ ನನ್ನ ವಿಶೇಷ. ಎರಡು ವರ್ಷದಿಂದ ಈ ಮೇಜು ಒಂದು ಕೂದಲೂ ಅಲುಗಿಲ್ಲ.”

ಅರಳಿದ್ದ ಮುಖ ಮುದುಡಿತು. ಅವಳು ಜೇಬಿನಿಂದ ಒಂದು ಕಡಲೆಬೀಜ ತೆಗೆದು, ತಿನ್ನಲು ಮರೆತು, ಕೈಯಲ್ಲೇ ಹಿಡಿದು ಕೂತಳು.

“ಬೇಜಾರು ಮಾಡ್ಕೋಬೇಡಿ,” ಎಂದಳು ಕೊನೆಗೆ. “ನಿಮ್ಮ ಭಾವನ ನೆಲ ಡೊಂಕೇ. ಈ ಬಿರುಕು ಸಿಮೆಂಟಿನದಲ್ಲ. ಕೆಳಗೆ, ಬಹಳ ಕೆಳಗಿನವರೆಗೂ ಭೂಮಿಯೇ ಇಲ್ಲಿ ಸೀಳಿದೆ. ಗುಡ್ಡದ ಕಡೆಯ ನೆಲ ಬೀದಿ ಕಡೆಯ ನೆಲದ ಮೇಲೆ ಮೆಲ್ಲಗೆ ಹತ್ತುತ್ತಾ ಇದೆ. ಅದಕ್ಕೇ ನಿಮ್ಮ ಮೇಜು ವರ್ಷಾ ವರ್ಷಾ ಬೀದಿಗೆ ವಾಲ್ತಿತ್ತು. ನಿಮ್ಮ ತಪ್ಪಲ್ಲ.”

ಇಷ್ಟು ವರ್ಷ ಹೊತ್ತಿದ್ದ ಭಾರವೊಂದು ಮಟ್ಟಣ್ಣನ ಎದೆಯಿಂದ ಇಳಿಯಿತು. ಆದರೆ ಅವನು ಜಾಣ. ಇಳಿದ ಭಾರ ಬೇರೆಲ್ಲೋ ಹೋಗಿ ಕೂರುತ್ತದೆಂದು ಅವನ ಕಸುಬೇ ಅವನಿಗೆ ಕಲಿಸಿತ್ತು.

“ಹಾಗಾದ್ರೆ ಈಗ ಯಾಕೆ ವಾಲ್ತಿಲ್ಲ?”

“ಈ ಮೇಜನ್ನ ಎಂದಾದರೂ ತಳ್ಳಿದೀರಾ?”

ತಳ್ಳಿದ್ದರು. ನೆಲಹಾಸು ಬದಲಿಸಬೇಕೆಂದು ಒಮ್ಮೆ ಅವನೂ ಭಾವನೂ ಒಂದೇ ಬದಿಯಿಂದ ಹೆಗಲು ಕೊಟ್ಟು ತಳ್ಳಿದ್ದರು. ಮೊದಲು ತುಸುತುಸುವೇ ಜರುಗಿತ್ತು, ಆಮೇಲೆ ಯಾವುದೋ ಉಬ್ಬಿಗೆ ಸಿಕ್ಕಿ ನಿಂತುಬಿಟ್ಟಿತು. ಬೆವರು ಬಂತು, ಬೈಗುಳ ಬಂತು, ಮೇಜು ಬರಲಿಲ್ಲ. ಆಮೇಲೆ ಒಮ್ಮೆಗೇ ಗೇಣುದ್ದ ಜಿಗಿದು, ಅದು ಹೇಗೋ ಭಾವನ ಹೆಬ್ಬೆರಳ ಮೇಲೇ ಇಳಿದಿತ್ತು. ಆ ಉಗುರು ಇಂದಿಗೂ ಕಪ್ಪು.

“ಅದು ಅಲುಗದೆ ನಿಂತಿತ್ತಲ್ಲ, ಆಗ ನೀವು ತಳ್ಳಿದ ಬಲ ಎಲ್ಲಿ ಹೋಯ್ತು?”

“ನನ್ನ ಸೊಂಟಕ್ಕೆ,” ಎಂದ ಮಟ್ಟಣ್ಣ.

“ಸರಿಯಾಗಿ ಹೇಳಿದ್ರಿ. ಸೊಂಟ ಬಾಗ್ತು, ತೋಳು ಬಾಗ್ತು, ಮೇಜಿನ ಕಾಲೂ ಒಂಚೂರು ಬಾಗಿರುತ್ತೆ. ಬಾಗಿದ್ದೆಲ್ಲ ಒಟ್ಟಿಗೆ ನೆಟ್ಟಗಾದಾಗ ಮೇಜು ಜಿಗೀತು. ಭೂಮಿನೂ ಅಷ್ಟೇ. ಗುಡ್ಡದ ಆಚೆ, ಹೊಳೆಯ ಈಚೆ ನಾವು ಗುರುತು ನೆಟ್ಟಿದೀವಿ. ಅವು ಎಂದಿನ ಹಾಗೇ ವರ್ಷಾ ವರ್ಷಾ ಹತ್ತಿರ ಬರ್ತಿವೆ. ತಳ್ಳೋದು ನಿಂತಿಲ್ಲ. ನಡುವೆ ಈ ಬಿರುಕು ಮಾತ್ರ ಎಲ್ಲೋ ಸಿಕ್ಕಿಕೊಂಡು ಸುಮ್ಮನಿದೆ. ಎರಡೂ ಕಡೆಯ ನೆಲ ಬಾಗ್ತಾ ಇದೆ.”

“ಯಾವಾಗ ಜಿಗಿಯುತ್ತೆ?”

“ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಾಗಲ್ಲ. ನಾಳೆ ಇರಬಹುದು, ನಿಮ್ಮ ಮೊಮ್ಮಕ್ಕಳ ಕಾಲಕ್ಕಿರಬಹುದು. ಮೆಲ್ಲಗೆ ಸಡಿಲವಾಗಿ ಮತ್ತೆ ಮೊದಲಿನ ಹಾಗೆ ಜರುಗಲೂಬಹುದು. ಬಂದರೂ ಊರು ಮುಳುಗಿಸುವಂಥದ್ದೇ ಆಗಬೇಕು ಅಂತಿಲ್ಲ.” ಅವಳು ಮೇಲಕ್ಕೆ ಕೈ ತೋರಿಸಿದಳು. “ಆದರೆ ಆ ದೀಪ ಒಂದೇ ಸರಪಳಿಯಲ್ಲಿದೆ. ಕಪಾಟು ಗೋಡೆಗೆ ಬಿಗಿದಿಲ್ಲ. ಬಾಗಿಲ ಮೇಲಿನ ಆ ಇಟ್ಟಿಗೆ ನೋಡಿದ್ರೆ ನನಗೆ ಊಟ ಸೇರಲ್ಲ. ಪಂದ್ಯಕ್ಕೆ ಎಷ್ಟು ಜನ ಬರ್ತಾರೆ?”

“ಬೀದಿ ತುಂಬ.”

“ಅದಕ್ಕೆ ಮುಂಚೆ ಅವಿಷ್ಟನ್ನ ಸರಿಮಾಡಿಸಿ. ನಾನೇ ನಿಮ್ಮ ಭಾವನಿಗೆ ಹೇಳ್ತೀನಿ.”

ಅವಳು ಹೇಳಿದಳು. ಭಾವ ತಲೆದೂಗಿ, ಚಹಾ ತರಿಸಿ, ಬೀಳ್ಕೊಟ್ಟು, ಮಟ್ಟಣ್ಣನತ್ತ ತಿರುಗಿ ನಕ್ಕ. “ಓದಿದವರಿಗೆ ನೆಲ ನೋಡಿದ್ರೂ ಭಯ, ಗೋಡೆ ನೋಡಿದ್ರೂ ಭಯ. ಕಿರೀಟ ಕೆಡವಿದ್ರೆ ಹಾಲು ಬೋಳುತಲೆ ಥರ ಕಾಣುತ್ತೆ. ಮೇಜು ಅಲುಗಿಲ್ಲ, ಅಂದ ಮೇಲೆ ನೆಲ ಅಲುಗಿಲ್ಲ. ಅದನ್ನ ನಿಲ್ಲಿಸಿದ್ದು ನೀನು. ಎಲ್ಲರಿಗೂ ಗೊತ್ತು.”

ಮಾತು ಇಲ್ಲಿಗೆ ಬಂದು ಸಿಕ್ಕಿಕೊಂಡಿತು. ನಿಲ್ಲಿಸಿದ್ದು ತಾನಲ್ಲವೆಂದು ಮಟ್ಟಣ್ಣ ಬಾಯಿಬಿಟ್ಟು ಹೇಳದ ಹೊರತು ಭಾವ ಒಂದು ಇಟ್ಟಿಗೆಯನ್ನೂ ತೆಗೆಯುವುದಿಲ್ಲ. ಹೇಳಿದರೆ ರಸಮಟ್ಟ ಗೋಡೆಗೆ, ಏಳೂರಿನಲ್ಲಿ ಗಳಿಸಿದ ಹೆಸರು ಗಾಳಿಗೆ. ಹೇಳದಿದ್ದರೆ? ಹೇಳದಿದ್ದರೆ ಬಹುಶಃ ಏನೂ ಆಗುವುದಿಲ್ಲ. ಆ ‘ಬಹುಶಃ’ ಎಂಬುದೇ ಬೂಟಿನೊಳಗಿನ ಕಲ್ಲಿನಂತೆ ಅವನನ್ನು ಚುಚ್ಚಿತು. ಮನೆಗೆ ಬಂದವನು ಗೋಡೆಯ ಪಟಗಳನ್ನು ಒಂದಾದ ಮೇಲೊಂದು ನೇರ ಮಾಡಿದ. ನೇರವಾಗಿದ್ದವನ್ನೂ ಮಾಡಿದ.

“ಏನಾಯ್ತು ನಿಮಗೆ?” ಎಂದಳು ಹೆಂಡತಿ, ಗೋಡೆಗೆ ಮುಖ ಮಾಡಿ ನಿಂತವನನ್ನು ನೋಡಿ. ಅವನು ಎಲ್ಲವನ್ನೂ ಹೇಳಿದ. ಅವಳು ಬಟ್ಟೆ ಮಡಿಸುತ್ತಲೇ ಕೇಳಿದಳು.

“ಎರಡು ವರ್ಷ ಸುಮ್ಮನಿತ್ತು, ಅದಕ್ಕೆ ನೀವು ಎಲ್ಲ ಸರಿಹೋಯ್ತು ಅಂದ್ಕೊಂಡ್ರಾ?”

“ಮತ್ತೇನು ಅಂದ್ಕೋಬೇಕಿತ್ತು?”

“ನಾನು ಎರಡು ದಿನ ಮಾತಾಡದೆ ಇದ್ರೂ ಹಾಗೇ ಅಂದ್ಕೋತೀರಿ. ಮೂರನೇ ದಿನ ಪಾತ್ರೆ ಬಿದ್ದಾಗ ಮಾತ್ರ, ಏನಾಯ್ತು ಅಂತ ಓಡಿಬರ್ತೀರಿ.” ಮಡಿಸಿದ ಅಂಗಿಯನ್ನು ಅವನ ಕೈಗೆ ಕೊಟ್ಟು ಸೇರಿಸಿದಳು: “ಬೆಣೆ ಹೊಡೆದಿದ್ದು ನೀವು, ನಿಂತಿದ್ದು ಭೂಮಿ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು. ಕಾಗೆ ಅದಕ್ಕೆ ಬೋರ್ಡು ಬರೆಸ್ಕೊಳ್ಳಲ್ಲ.”

“ಬೋರ್ಡು ಬರೆಸಿದ್ದು ನಿಮ್ಮಣ್ಣ.”

“ಅದರ ಕೆಳಗೆ ಎದೆಯುಬ್ಬಿಸಿ ನಿಂತಿದ್ದು ಯಾರು?”

ಮರುದಿನ ಹಾಲಿನಲ್ಲಿ ಭಾವ ಲೋಟಗಳಿಗೆ ಹೊಳಪು ಕೊಡುತ್ತಿದ್ದ. ಕಂಪೌಂಡರು ಒಬ್ಬನೇ ಆಡಿ ಒಬ್ಬನೇ ಸೋಲುತ್ತಿದ್ದ. ಮಟ್ಟಣ್ಣ ಒಳಗೆ ಬಂದು ಚೀಲದಿಂದ ರಸಮಟ್ಟ, ಸುತ್ತಿಗೆ, ಒಂದು ಮೊಳೆ ತೆಗೆದು, ಗೋಡೆಯ ಬಳಿ ಹೋಗಿ ಮೊಳೆ ಹೊಡೆದ.

“ಏನಯ್ಯ ಇದು?”

“ಮಾತು ಮಾತೇ ಭಾವ. ಮೇಜು ನಿಂತಿದ್ದು ನನ್ನ ಕೈಯಿಂದಲ್ಲ. ನೆಲ ಸಿಕ್ಕಿಕೊಂಡಿದೆ, ಅದಕ್ಕೆ ನಿಂತಿದೆ. ನನ್ನ ಬೆಣೆ ಇಲ್ಲದಿದ್ರೂ ನಿಂತಿರೋದು. ಮೇಡಂ ಹೇಳಿದ್ದು ನಿಜ. ರಸಮಟ್ಟ ನಿಮ್ಮದು. ಅದರ ಬದಲಿಗೆ ಆ ಕಿರೀಟ ಕೆಡವಿಸಿ, ದೀಪಕ್ಕೆ ಇನ್ನೂ ಎರಡು ಸರಪಳಿ ಹಾಕಿಸಿ.”

ಭಾವ ಕೈಯಲ್ಲಿದ್ದ ಲೋಟವನ್ನು ಕಪಾಟಿನಲ್ಲಿಟ್ಟ. ಮೂವತ್ತು ವರ್ಷ ಕುಹಕವಾಡಿದ ಬಾಯಿಗೆ ಒಮ್ಮೆಗೇ ಮೇವು ಸಿಕ್ಕಿತ್ತು, ಆದರೆ ಅಗಿಯಲು ಮನಸ್ಸಾಗಲಿಲ್ಲ. ಈ ಮನುಷ್ಯ ಊರುಗೋಲು ಕದ್ದರೆ ಕದ್ದಾನು, ರಸಮಟ್ಟವನ್ನು ಸುಮ್ಮಸುಮ್ಮನೆ ಕಳೆದುಕೊಳ್ಳುವವನಲ್ಲ ಎಂದು ಅವನಿಗೆ ಗೊತ್ತಿತ್ತು. ಊರುಗೋಲಿನ ವಿಷಯವೂ ಅವನಿಗೆ ಮೊದಲಿನಿಂದ ಗೊತ್ತಿತ್ತು.

“ಅಂದ್ರೆ ಮತ್ತೆ ವಾಲುತ್ತೆ ಅಂತೀರಾ?” ಎಂದು ಕೇಳಿದವನು ಕಂಪೌಂಡರು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಅವನ ಕನ್ನಡಕದ ಹಿಂದೆ ಬೆಳಕು ಕಂಡಿತು.

ಆ ವಾರ ಕಿರೀಟ ಇಳಿಯಿತು. ಹಾಲು ನಿಜಕ್ಕೂ ಬೋಳುತಲೆಯಂತೆಯೇ ಕಂಡಿತು. ದೀಪಕ್ಕೆ ಮೂರು ಸರಪಳಿ ಬಂದವು, ಕಪಾಟನ್ನು ಗೋಡೆಗೆ ಬಿಗಿದರು, ಲೋಟಗಳನ್ನು ಚಾಪೆಯಲ್ಲಿ ಸುತ್ತಿ ನೆಲದ ಮೇಲಿಟ್ಟರು. ಅಲುಗಿತೆಂದರೆ ಬಾಗಿಲಿಗೆ ಓಡದೆ ಮೇಜಿನಡಿ ತೂರಿಕೊಳ್ಳಬೇಕೆಂದು ಭೂಮಿ ಮೇಡಂ ಎಲ್ಲರಿಗೂ ಪಾಠ ಹೇಳಿದಳು. ಪಂದ್ಯದ ದಿನ ಬೀದಿ ತುಂಬಿತು. ಮಟ್ಟಣ್ಣ ಹಿಂದಿನ ಗೋಡೆಗೆ ಒರಗಿ, ಕಾಲಡಿಯ ನೆಲವನ್ನು ಹಲ್ಲುನೋವಿನವನು ಹಲ್ಲನ್ನು ಗಮನಿಸುವಂತೆ ಗಮನಿಸುತ್ತ ನಿಂತ.

ಏನೂ ಆಗಲಿಲ್ಲ. ಒಂದು ಚೆಂಡೂ ತಾನಾಗಿ ಉರುಳಲಿಲ್ಲ. ಪರಊರಿನವರು ಗೆದ್ದರು, ಕೈಕುಲುಕಿದರು, ಹೊರಡುವಾಗ ಮಟ್ಟಣ್ಣನ ಬೆನ್ನು ತಟ್ಟಿ, “ಭೂಕಂಪ ಮುಂದಿನ ಬಸ್ಸಿಗೆ ಬರುತ್ತಾ ಅಣ್ಣ?” ಎಂದು ಕೇಳಿದರು.

ಆಮೇಲಿನ ದಿನಗಳಲ್ಲಿ ಈ ಪ್ರಶ್ನೆಗೆ ಬೀದಿಯ ಪ್ರತಿಯೊಬ್ಬರೂ ತಮ್ಮ ತಮ್ಮ ಉಪ್ಪು ಖಾರ ಹಚ್ಚಿದರು. ಬ್ರೆಡ್ಡಿನ ಅಂಗಡಿಯವನು ಅವನನ್ನು ಕಂಡಾಗಲೆಲ್ಲ ತಕ್ಕಡಿ ಹಿಡಿದುಕೊಂಡು ನಡುಗುವ ನಟನೆ ಮಾಡುತ್ತಿದ್ದ. ಪರಊರಿನ ಕರೆಗಳು ನಿಂತವು. ಇದ್ದೂರಿನಲ್ಲಿ ಸಿಕ್ಕ ಸಣ್ಣಪುಟ್ಟ ಕೆಲಸವನ್ನು ಅವನು ನೀರು ತುಂಬಿದ ಗಾಜಿನ ಲೋಟ ಇಟ್ಟು ಮಾಡುತ್ತಿದ್ದ. ಲೋಟ ಸುಳ್ಳು ಹೇಳುತ್ತಿರಲಿಲ್ಲ, ಆದರೆ ಅದನ್ನು ಚೀಲದಲ್ಲಿ ಹಾಕಿಕೊಂಡು ನಡೆಯುವ ಹಾಗಿರಲಿಲ್ಲ. ಸಂಜೆ ಹೊತ್ತು ಹಾಲಿಗೆ ಹೋದರೆ ಗೋಡೆಯ ಮೇಲಿನ ರಸಮಟ್ಟದ ಕಡೆ ನೋಡದಿರಲು ಬಹಳ ಪ್ರಯಾಸಪಡುತ್ತಿದ್ದ. ಭಾವ ಅದನ್ನು ತೂಗುಹಾಕಿದ್ದು ಓರೆಯಾಗಿ. ಅದೊಂದೇ ಅವನಿಗೆ ಸಹಿಸಲಾಗುತ್ತಿರಲಿಲ್ಲ.

“ತಪ್ಪು ಮಾಡಿದೆನಾ ಮೇಡಂ?” ಎಂದು ಒಮ್ಮೆ ಹಿತ್ತಲಲ್ಲಿ ಕೇಳಿದ.

ಮೇಡಂ ತಂತಿಯ ಮುಳ್ಳನ್ನು ನೋಡುತ್ತಿದ್ದಳು. ಅದು ಬಂದ ದಿನ ಇದ್ದಲ್ಲೇ ಇತ್ತು. “ಆ ಗುಡ್ಡ ನೋಡಿ,” ಎಂದಳು. “ಅದನ್ನ ಯಾರೂ ತಂದಿಟ್ಟಿಲ್ಲ. ಈ ಬಿರುಕು ಒಂದೊಂದು ಬೆರಳಷ್ಟು, ಒಂದೊಂದು ಸಲ ಒಂದಾಳಷ್ಟು ಎತ್ತಿ ಎತ್ತಿ, ಎಷ್ಟೋ ಸಾವಿರ ಸಲ ಎತ್ತಿ, ಆದ ಗುಡ್ಡ ಅದು. ಅಷ್ಟೊಂದು ಸಲ ಜಿಗಿದದ್ದು ಈಗ ನಮ್ಮ ಪಂದ್ಯದ ದಿನ ನೋಡ್ಕೊಂಡು ಜಿಗಿಯಲಿ ಅಂದ್ರೆ ಹೇಗೆ?”

“ಗುಡ್ಡಕ್ಕೆ ಆತುರ ಇಲ್ಲ ಮೇಡಂ. ಬೀದಿಗಿದೆ.”

ಅವಳು ನಕ್ಕು, ಅವನ ಅಂಗೈಗೆ ಒಂದು ಹಿಡಿ ಕಡಲೆಬೀಜ ಹಾಕಿದಳು.

ಒಂದು ಸಾಮಾನ್ಯ ಬುಧವಾರ, ಬೆಳಗಿನ ಬಿಸಿಲು ಬೀದಿಯ ಅರ್ಧಕ್ಕೆ ಬಂದಿದ್ದ ಹೊತ್ತು. ಮಟ್ಟಣ್ಣ ಮುದ್ರಣಾಲಯದ ಹೊಸ್ತಿಲಲ್ಲಿ ಕುಳಿತು ಒಂದು ಚೌಕಟ್ಟಿನ ಮೇಲೆ ನೀರಿನ ಲೋಟ ಇಟ್ಟಿದ್ದ. ಲೋಟದ ನೀರಿನಲ್ಲಿ ಸಣ್ಣ ಬಳೆಗಳು ಮೂಡಿದವು. ಇಷ್ಟು ಸಣ್ಣ ನಡುಕವನ್ನು ಬೇರೆ ಯಾರೂ ಗಮನಿಸುತ್ತಿರಲಿಲ್ಲ. ಅವನು ತಲೆಯೆತ್ತುವುದರೊಳಗೆ ಭಾರದ ಲಾರಿಯೊಂದು ನೆಲದಡಿ ಹಾದುಹೋದಂತೆ ಗುಡುಗಿ, ಇಡೀ ಬೀದಿ ಒಮ್ಮೆ ಭುಜ ಕುಣಿಸಿತು. ನಾಯಿಗಳು ಬೊಗಳಿದವು. ಬ್ರೆಡ್ಡಿನ ಅಂಗಡಿಯವನು ಈ ಸಲ ತಕ್ಕಡಿಯನ್ನು ನಿಜವಾಗಿಯೇ ಹಿಡಿದುಕೊಂಡ. ಒಂದಷ್ಟು ಹೆಂಚು ಉದುರಿದವು. ಒಂದರಿಂದ ಇಪ್ಪತ್ತು ಎಣಿಸುವಷ್ಟರಲ್ಲಿ ಎಲ್ಲವೂ ಮುಗಿದು, ಧೂಳು ಮಾತ್ರ ಗಾಳಿಯಲ್ಲಿ ನಿಂತಿತ್ತು.

ಮಟ್ಟಣ್ಣ ಬೀದಿಯ ತಲೆಗೆ ಓಡಿದ. ಮೊದಲು ಮನೆಯ ಮುಂದೆ ನಿಂತಿದ್ದ ಹೆಂಡತಿ ಕಂಡಳು. ಅವಳು ಕೈಯೆತ್ತಿ ತಾನು ಚೆನ್ನಾಗಿದ್ದೇನೆಂದು ತೋರಿಸಿ, ಅದೇ ಕೈಯಿಂದ ಹಾಲಿನ ಕಡೆ ಹೋಗುವಂತೆ ಸನ್ನೆ ಮಾಡಿದಳು. ಹಾಲಿನ ಬಾಗಿಲಲ್ಲಿ ಯಾರೂ ಇರಲಿಲ್ಲ. ಕಿರೀಟವಿದ್ದ ಜಾಗದ ಗೋಡೆ ಮೂಲೆಯಿಂದ ಮೂಲೆಗೆ ಸೀಳಿತ್ತು. ಒಳಗೆ ದೀಪ ಮೂರು ಸರಪಳಿಗಳಲ್ಲಿ ಒಂದನ್ನು ಕಳೆದುಕೊಂಡು, ಉಳಿದೆರಡರಲ್ಲಿ ಇನ್ನೂ ತೂಗುತ್ತಿತ್ತು. ಅದರ ಕೆಳಗೆ ಮೇಜು. ಮೇಜಿನ ಕೆಳಗಿನಿಂದ ಮಾತು ಕೇಳಿಸುತ್ತಿತ್ತು.

“ಸ್ವಲ್ಪ ಆಚೆ ಸರಿಯಪ್ಪ, ನಿನ್ನ ಮೊಣಕೈ ನನ್ನ ಹೊಟ್ಟೆಗೆ ಬಂದಿದೆ.”

“ನಿಮ್ಮ ಹೊಟ್ಟೆ ನನ್ನ ಮೊಣಕೈಗೆ ಬಂದಿರೋದು.”

“ಭಾವ?” ಎಂದ ಮಟ್ಟಣ್ಣ.

ಮೊದಲು ಕಂಪೌಂಡರು ತೆವಳಿ ಹೊರಬಂದ, ಕನ್ನಡಕ ಒರೆಸಿಕೊಂಡ. ಆಮೇಲೆ ಭಾವನ ಕಪ್ಪು ಹೆಬ್ಬೆರಳು, ಅದರ ಹಿಂದೆ ಭಾವ. ಇಬ್ಬರೂ ಧೂಳು ಮೆತ್ತಿಕೊಂಡು ಹಿಟ್ಟಿನಲ್ಲಿ ಹೊರಳಿದವರಂತಿದ್ದರು. ಭಾವ ಬಗ್ಗಿ ಮೇಜಿನ ಕಾಲುಗಳನ್ನು ನೋಡಿದ. ಎಂಟೂ ಕಾಲು ತಮ್ಮ ಜೋಡಿ ಬೆಣೆಗಳ ಮೇಲೆ ಹಾಗೆಯೇ ನಿಂತಿದ್ದವು. ನೆಲದ ಬಿರುಕು ಮಾತ್ರ ಬಾಯಿ ತೆರೆದು, ಗುಡ್ಡದ ಕಡೆಯ ನೆಲ ಎರಡು ಬೆರಳು ಮೇಲೆದ್ದಿತ್ತು.

ಅಷ್ಟರಲ್ಲಿ ಹಸಿರು ಬಟ್ಟೆಯ ಮೇಲಿದ್ದ ಕೆಂಪು ಚೆಂಡೊಂದು, ಯಾರೂ ಮುಟ್ಟದೆಯೇ, ನಿಧಾನವಾಗಿ ಬೀದಿಯ ಕಡೆಗೆ ಹೊರಟಿತು. ಮೂವರೂ ಅದನ್ನೇ ನೋಡುತ್ತ ನಿಂತರು. ಅದು ಉರುಳಿ ಉರುಳಿ ಮೂಲೆಯ ಕುಳಿಯೊಳಗೆ ಟಪ್ಪೆಂದು ಬಿತ್ತು.

“ಆಹಾ,” ಎಂದ ಕಂಪೌಂಡರು, ಬಹಳ ದಿನಗಳ ಮೇಲೆ ಹುಟ್ಟೂರು ಕಂಡವನಂತೆ.

ಭಾವ ಗೋಡೆಯ ಬಳಿ ಹೋಗಿ ಮೊಳೆಯಿಂದ ರಸಮಟ್ಟ ಇಳಿಸಿದ. ಅದು ಬಿದ್ದಿರಲಿಲ್ಲ. ಮಟ್ಟಣ್ಣ ಹೊಡೆದ ಮೊಳೆ ಬೀಳುವಂಥದ್ದಲ್ಲ. ಅಂಗಿಯ ತುದಿಯಿಂದ ಗಾಜು ಒರೆಸಿ ಮುಂದೆ ಚಾಚಿದ.

“ತಗೋ. ಕೆಲಸ ಬಂತು.”

“ಮಾತು ಮಾತೇ ಭಾವ. ಅದು ನಿಮ್ಮದು.”

“ನನ್ನದೇ. ಇಲ್ಲ ಅಂದವರ್ಯಾರು? ನನ್ನ ರಸಮಟ್ಟ, ನನ್ನ ಮೇಜು. ಕೆಲಸ ಮಾಡೋಕೆ ಒಬ್ಬ ಆಳು ಬೇಕು, ಅದಕ್ಕೆ ನಿನಗೆ ಇದನ್ನ ಎರವಲು ಕೊಟ್ಟಿದೀನಿ. ನಾನು ಕೇಳುವವರೆಗೂ ನಿನ್ನ ಚೀಲದಲ್ಲೇ ಇರಲಿ.” ಅವನು ಗಂಟಲು ಸರಿಮಾಡಿಕೊಂಡ. “ಮತ್ತೆ ಆ ಗಾದೆ ಇದೆಯಲ್ಲ, ನೆಲ ಡೊಂಕು ಅಂತ. ಅದನ್ನ ಇನ್ನು ಹೇಳಲ್ಲ. ಬೇರೆ ಯಾವುದಾದ್ರೂ ಹುಡುಕ್ತೀನಿ.”

“ಊರುಗೋಲು…” ಎಂದು ಮಟ್ಟಣ್ಣ ಆರಂಭಿಸಿದ.

“ಗೊತ್ತು.”

ಮಟ್ಟಣ್ಣ ರಸಮಟ್ಟವನ್ನು ಮೇಜಿನ ಅಂಚಿನ ಮೇಲಿಟ್ಟ. ಗುಳ್ಳೆ ಒಂದೇ ಓಟಕ್ಕೆ ಗುಡ್ಡದ ಕಡೆಯ ತುದಿ ಸೇರಿತು. ಅಷ್ಟು ಕೆಟ್ಟದಾಗಿ ವಾಲಿದ ಮೇಜನ್ನು ನೋಡಿ ಅವನು ಅಷ್ಟು ಸಂತೋಷಪಟ್ಟಿದ್ದು ಜೀವಮಾನದಲ್ಲೇ ಮೊದಲು.

ಸಂಜೆಯ ಹೊತ್ತಿಗೆ ಭೂಮಿ ಮೇಡಂ ಹಿತ್ತಲಿನಿಂದ ಬಂದಳು. ತಂತಿ ಹರಿದಿರಲಿಲ್ಲ, ಮುಳ್ಳು ಒಂದಿಡೀ ಸುತ್ತು ತಿರುಗಿತ್ತು. ಇನ್ನು ಮುಂದೆ ಹೇಗೆಂದು ಎಲ್ಲರೂ ಮುತ್ತಿಕೊಂಡರು. ಕೆಲವು ದಿನ ಸಣ್ಣಪುಟ್ಟ ನಡುಕ ಇರುತ್ತದೆ, ಯಾರೂ ಸೀಳಿದ ಗೋಡೆಯ ಪಕ್ಕ ಮಲಗಬೇಡಿ ಎಂದಳು. ಆಮೇಲೆ ಬಿರುಕು ಮತ್ತೆ ಮೆಲ್ಲಗೆ ಜರುಗತೊಡಗಬಹುದು, ಮೊದಲು ತುಸು ಜೋರಾಗಿ, ಬರುಬರುತ್ತ ನಿಧಾನವಾಗಿ. “ಅಂದ್ರೆ ಮಟ್ಟಣ್ಣನಿಗೆ ಈ ವರ್ಷ ಬೆಣೆ ಜಾಸ್ತಿ ಬೇಕಾಗುತ್ತೆ,” ಎಂದಳು. “ಪ್ರತಿಯೊಂದನ್ನೂ ಎತ್ತಿಡಿ. ಮೇಜು ವಾಲದೆ ಸುಮ್ಮನಾಯ್ತು ಅಂದ್ರೆ ಮಾತ್ರ ನನ್ನನ್ನ ಕರೀರಿ.”

ಮರುದಿನ ಬೋರ್ಡಿನ ಮೇಲಿನ “ಎಂದೂ ವಾಲದ” ಎಂಬುದಕ್ಕೆ ಭಾವ ಬಣ್ಣ ಬಳಿಸಿದ. ಬರೀ “ಮೇಜು” ಎಂದು ಉಳಿಯಿತು. ಮಟ್ಟಣ್ಣ ನೆಲದ ಮೇಲೆ ಮಂಡಿಯೂರಿ, ಉದುರಿದ ಹೆಂಚಿನ ಜೊತೆ ಬಂದ ಹಳೆಯ ತೊಲೆಯ ತುಂಡೊಂದನ್ನು ಬೆಣೆಗಾಗಿ ಕೊಯ್ಯುತ್ತಿದ್ದ. ಕಂಪೌಂಡರು ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತು, “ಪೂರ್ತಿ ಮಟ್ಟ ಮಾಡಲೇಬೇಕಾ? ಒಂಚೂರು ಬಿಡಬಹುದಲ್ಲ?” ಎಂದು ಪಿಸುಗುಡುತ್ತಿದ್ದ.

ವಾಚಕ ಮಹಾಶಯರೇ, ಹಾಲಿನ ಎದುರುಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದು ಇವೆಲ್ಲವನ್ನೂ ನೋಡಿದ, ಕೇಳಿದ, ಕೇಳದ್ದನ್ನು ಹೆಣೆದ ನನಗೂ ಈಗ ಕಾಲು ತುರಿಸುತ್ತಿದೆ. ಒಂದೇ ಊರಿನಲ್ಲಿ ಇಷ್ಟು ದಿನ ಸುಮ್ಮನಿದ್ದದ್ದು ನನ್ನ ಮಟ್ಟಿಗೂ ಒಳ್ಳೆಯ ಲಕ್ಷಣವಲ್ಲ. ಎರಡು ಅಂಗಿ, ಒಂದು ಕಂಬಳಿ, ಬೆನ್ನು ಕಿತ್ತುಹೋದ ನಾಲ್ಕು ಕಾದಂಬರಿ, ಮೇಡಂ ಕೊಟ್ಟ ಕಡಲೆಬೀಜದ ಪೊಟ್ಟಣ, ಇಷ್ಟೂ ಚೀಲ ಸೇರಿವೆ. ಬಾಡಿಗೆ ಮನೆಯಾಕೆಗೆ ಹೇಳಿಯಾಗಿದೆ. ಬಸ್ಸು ಸಿಗುವುದು ಗುಡ್ಡದ ಆಚೆ. ಬಂದ ದಿನ ಹತ್ತಿ ಇಳಿದ ಗುಡ್ಡವೇ, ಈಗ ಎರಡು ಬೆರಳು ಎತ್ತರವಾಗಿದೆ. ಅಷ್ಟು ಹೆಚ್ಚಿಗೆ ಹತ್ತಬೇಕಾದ್ದರಿಂದ ತುಸು ಬೇಗನೆ ಹೊರಡುತ್ತೇನೆ.